ಅಪ್ಪನ ಯೆಜ್ಡಿ, ಯಾರದೋ ಎಂಜಿನ್ನು

“ನಂಬರ್ ಹೊಡೀಲೇನು ತಮ್ಮಾ?”

ಕಲಘಟಗಿಯ ಗ್ಯಾರೇಜಿನಲ್ಲಿ ಕಾಕಾ ಹೀಗೆ ಕೇಳಿದಾಗ ನನಗೆ ಮೊದಲಿಗೆ ಅರ್ಥವೇ ಆಗಲಿಲ್ಲ. ಅವರ ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಒಳಗೆ ಬೆರಳುದ್ದದ ಒಂಬತ್ತು ಉಕ್ಕಿನ ಕಡ್ಡಿ. ಒಂದೊಂದರ ತುದಿಯಲ್ಲಿ ಒಂದೊಂದು ಅಂಕಿ, ಉಲ್ಟಾ ಕೊರೆದದ್ದು. ಅಂಕಿಗಳು ಹತ್ತಲ್ಲವಾ, ಕಡ್ಡಿ ಒಂಬತ್ತೇ ಯಾಕೆ ಅಂದೆ. “ಆರು ತಿರುಗಿಸಿದ್ರ ಒಂಬತ್ತು ಆಗ್ತದಲಾ” ಅಂತ ನಕ್ಕರು.

ಅವರು ಕೇಳಿದ್ದು ಇಷ್ಟು. ಅಪ್ಪನ ಯೆಜ್ಡಿಯ ಎಂಜಿನ್ ಒಡೆದುಹೋಗಿದೆ. ಹುಬ್ಬಳ್ಳಿಯ ಗುಜರಿಯಿಂದ ಅದೇ ಮಾಡೆಲ್ಲಿನ ಇನ್ನೊಂದು ಎಂಜಿನ್ ಬಂದಿದೆ. ಅದರ ಮೇಲೆ ಅದರದ್ದೇ ನಂಬರ್ ಇದೆ. ಆ ನಂಬರನ್ನು ಅರದಿಂದ ಉಜ್ಜಿ ತೆಗೆದು, ಅದೇ ಜಾಗದಲ್ಲಿ ಅಪ್ಪನ ಎಂಜಿನ್ನಿನ ಹಳೇ ನಂಬರ್ ಹೊಡೆದುಬಿಟ್ಟರೆ ಮುಗೀತು. ಆರ್‌ಸಿಯಲ್ಲಿ ಇರೋದೂ ಅದೇ ನಂಬರ್, ಗಾಡಿ ಮೇಲಿರೋದೂ ಅದೇ. ಒಂದು ತಾಸಿನ ಕೆಲಸ. ಅದಕ್ಕೆ ಅವರು ದುಡ್ಡು ಕೂಡ ಕೇಳಲಿಲ್ಲ.

“ನಿಮ್ಮ ಅಪ್ಪಾರ ನಂಬರ್ ಉಳೀತದ” ಅಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಾಕಾ ಮೋಸ ಮಾಡೋ ಮನುಷ್ಯ ಅಲ್ಲ. ಅಪ್ಪನ ಗಾಡಿಯನ್ನ ಮೂವತ್ತು ವರ್ಷದಿಂದ ರಿಪೇರಿ ಮಾಡಿದವರು. ಅವರು ಕೇಳಿದ್ದು ಪ್ರೀತಿಯಿಂದಲೇ. ನನಗೂ ಆ ಕ್ಷಣ ‘ಹೂಂ’ ಅನ್ನೋಣ ಅನ್ನಿಸಿತ್ತು. ಯಾಕೆ ಅನ್ನಲಿಲ್ಲ ಅನ್ನೋದನ್ನ ನನಗೆ ನಾನೇ ಬಿಡಿಸಿ ಹೇಳಿಕೊಳ್ಳಲು ಈ ಬರಹ.

ಮೊದಲು ಗಾಡಿಯ ಪರಿಚಯ. ನಮ್ಮೂರು ತಂಬೂರ, ಕಲಘಟಗಿ ತಾಲೂಕು. ಧಾರವಾಡ ಜಿಲ್ಲೆ ಅಂದರೆ ಬೆಂಗಳೂರಿನ ಗೆಳೆಯರಿಗೆ ಕರೀ ಮಣ್ಣು, ಬಯಲು ಕಣ್ಣಮುಂದೆ ಬರುತ್ತೆ. ನಮ್ಮ ಕಡೆ ಹಾಗಲ್ಲ. ಭತ್ತ, ಗೋವಿನಜೋಳ, ಸ್ವಲ್ಪ ದೂರ ಹೋದರೆ ಕಾಡಿನ ಅಂಚು. ಊರ ಗುರುತು ಅಂದರೆ ಬಸವಣ್ಣನ ಗುಡಿ. ಅಪ್ಪ 1984ರಲ್ಲಿ ಯೆಜ್ಡಿ ತಂದಾಗ ಮೊದಲು ನಿಲ್ಲಿಸಿದ್ದು ಆ ಗುಡಿಯ ಮುಂದೆ, ಕಾಯಿ ಒಡೆಸೋದಕ್ಕೆ. ಆಮೇಲೆ ಆ ಗಾಡಿ ಮಾಡದ ಕೆಲಸ ಇಲ್ಲ. ಗೊಬ್ಬರದ ಚೀಲ ಹೊತ್ತಿದೆ, ಹೆರಿಗೆಗೆ ಅವ್ವನನ್ನ ಕಲಘಟಗಿಗೆ ಒಯ್ದಿದೆ, ನನ್ನನ್ನ ಪರೀಕ್ಷೆಗೆ ಮುಟ್ಟಿಸಿದೆ. ಯಾರ ಮನೇಲಿ ರಾತ್ರಿ ಜ್ವರ ಬಂದರೂ ಬಾಗಿಲು ಬಡಿಯೋದು ನಮ್ಮದೇ.

ಯೆಜ್ಡಿ ನೋಡದವರಿಗೆ ಎರಡು ಮಾತು. 250 ಸಿಸಿಯ ಟೂ ಸ್ಟ್ರೋಕ್ ಗಾಡಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಆಗುತ್ತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1960ರಲ್ಲಿ ಶುರುವಾದ ಕಂಪನಿ ಮೊದಲು ಜಾವಾ ಹೆಸರಲ್ಲಿ, ಆಮೇಲೆ ಯೆಜ್ಡಿ ಹೆಸರಲ್ಲಿ ಗಾಡಿ ಮಾಡಿತು. 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಪ್ಪನ ಗಾಡಿ ತನ್ನನ್ನ ಹುಟ್ಟಿಸಿದ ಕಾರ್ಖಾನೆಗಿಂತ ಹೆಚ್ಚು ಬಾಳಿದೆ. ಈಗ ಸ್ಪೇರ್ ಬೇಕಂದರೆ ಹಳೇ ಸ್ಟಾಕು, ಗುಜರಿ, ಇಲ್ಲಾ ಯಾರೋ ಹೊಸದಾಗಿ ಎರಕ ಹೊಯ್ದು ಮಾರೋ ಸಾಮಾನು. ಮೂರೇ ದಾರಿ.

ಇಂಥ ಗಾಡಿಯನ್ನ ಒಡೆದವನು ನಾನು. ಅದನ್ನ ಹೇಳದೆ ಮುಂದೆ ಹೋಗೋದು ಸರಿಯಲ್ಲ.

ಈ ಎಂಜಿನ್ನಿಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ. ಪೆಟ್ರೋಲಿಗೇ ಆಯಿಲ್ ಕಲಸಬೇಕು. ಪಿಸ್ಟನ್ನಿಗೆ, ಬೇರಿಂಗಿಗೆ ಸಿಗೋ ಜಿಡ್ಡು ಅದೊಂದೇ. ಅಪ್ಪನ ಲೆಕ್ಕ ಲೀಟರಿಗೆ 40 ಎಂಎಲ್. ಅದಕ್ಕಂತಲೇ ಒಂದು ಅಳತೆಯ ಡಬ್ಬಿ ಸೀಟಿನ ಕೆಳಗೆ ಇರುತ್ತಿತ್ತು. ಅಪ್ಪ ತೀರಿಕೊಂಡು ಮೂರು ವರ್ಷ ಆಗಿತ್ತು. ಕಳೆದ ದೀಪಾವಳಿಗೆ ಊರಿಗೆ ಹೋದವನು ಗಾಡಿ ತೆಗೆದೆ, ಪಂಪಿನಲ್ಲಿ ಪೆಟ್ರೋಲ್ ಹಾಕಿಸಿದೆ, ಯುಪಿಐ ಸ್ಕ್ಯಾನ್ ಮಾಡಿದೆ, ಹೊರಟೆ. ಆಯಿಲ್ ನೆನಪೇ ಆಗಲಿಲ್ಲ. ಬೆಂಗಳೂರಲ್ಲಿ ಹತ್ತು ವರ್ಷ ಸ್ಕೂಟರ್ ಓಡಿಸಿದವನ ಅಭ್ಯಾಸ.

ಕಲಘಟಗಿಗೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಹಿಂದಿನ ಗಾಲಿ ಗಕ್ಕನೆ ಹಿಡಿದುಕೊಂಡಿತು. ಎಂಜಿನ್ ಜಾಮ್. ಅಲ್ಲೇ ಬಿಟ್ಟಿದ್ದರೂ ಇಷ್ಟು ಆಗುತ್ತಿರಲಿಲ್ಲ. ಅರ್ಧ ಗಂಟೆ ಆರಲು ಬಿಟ್ಟು ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು. ‘ಅಪ್ಪನ ಗಾಡಿ ನೋಡು, ಎಷ್ಟು ಗಟ್ಟಿ’ ಅಂದುಕೊಂಡು ಮತ್ತೆ ಓಡಿಸಿದೆ. ಎರಡು ಕಿಲೋಮೀಟರ್ ಹೋಗೋದರೊಳಗೆ ಕೆಳಗಿಂದ ಕಲ್ಲು ಒಡೆದಂಥ ಸದ್ದು. ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ತೂತು ಮಾಡಿಕೊಂಡು ಹೊರಗೆ ಇಣುಕಿತ್ತು.

ಟೆಂಪೋದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ತಂದಾಗ ಕಾಕಾ ಬಹಳ ಹೊತ್ತು ಏನೂ ಅನ್ನಲಿಲ್ಲ. ಸೀಟಿನ ಕೆಳಗಿನ ಅಳತೆ ಡಬ್ಬಿ ತೆಗೆದು ನೋಡಿದರು. ಒಣಗಿತ್ತು. ಅದನ್ನ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹೀಗೆ ಶುರುವಾದದ್ದು ಎಂಜಿನ್ ಹುಡುಕಾಟ. ಹುಡುಕಾಟದ ಜೊತೆಗೇ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಎಂಜಿನ್ ಬೇರೆ ಹಾಕಿದ ಮೇಲೆ ಅದು ಅಪ್ಪನ ಗಾಡಿಯೇನಾ?

ಗೊತ್ತು, ನೀವು ಆಗಲೇ ‘ಥೀಸಿಯಸ್ಸನ ಹಡಗು’ ಅಂತ ಮನಸ್ಸಲ್ಲೇ ಅಂದುಕೊಂಡಿರಿ. ಅಥೆನ್ಸಿನವರು ಥೀಸಿಯಸ್ಸನ ಹಡಗನ್ನ ಕಾಪಾಡಲು ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯೋ ಅಂತ ತತ್ವಜ್ಞಾನಿಗಳು ಜಗಳಕ್ಕೆ ಬಿದ್ದರು ಅಂತ ಪ್ಲೂಟಾರ್ಕ್ ಬರೆದಿದ್ದಾನೆ. ಹದಿನೇಳನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಇನ್ನೊಂದು ಗಂಟು ಹಾಕಿದ. ತೆಗೆದುಹಾಕಿದ ಹಳೇ ಹಲಗೆಗಳನ್ನೆಲ್ಲ ಯಾರೋ ಒಬ್ಬ ಕೂಡಿಟ್ಟು ಅವುಗಳಿಂದಲೇ ಇನ್ನೊಂದು ಹಡಗು ಕಟ್ಟಿದರೆ, ಥೀಸಿಯಸ್ಸನದು ಯಾವುದು?

ಗ್ಯಾರೇಜಿನಲ್ಲಿ ಕೂತು ಯೋಚಿಸಿದರೆ ಈ ಪ್ರಶ್ನೆ ಅಷ್ಟು ಭಯಂಕರ ಅನ್ನಿಸಲ್ಲ. ಯಾಕಂದ್ರೆ ಅಪ್ಪನ ಗಾಡಿ ಹಡಗಿಗಿಂತ ಮೊದಲೇ ಹಲಗೆ ಬದಲಾಯಿಸಿದೆ. ಕಾರ್ಬೊರೇಟರ್ ಎರಡನೇದು. ಸೈಲೆನ್ಸರ್ ಮೂರನೇ ಜೋಡಿ. ಸೀಟು ಕಲಘಟಗಿಯಲ್ಲಿ ಹೊಲಿಸಿದ್ದು. ಟ್ಯಾಂಕಿನ ಬಣ್ಣ ಕೆಂಪಿದ್ದದ್ದು ಕರೀದಾಗಿ ಮತ್ತೆ ಕೆಂಪಾಗಿದೆ. ಬ್ಲಾಕ್ ಮೂರು ಸಲ ಬೋರ್ ಮಾಡಿಸಿ, ಮೂರು ಸಲ ದೊಡ್ಡ ಪಿಸ್ಟನ್ ಹಾಕಿದ್ದಾರೆ. ಆಗ ಯಾರೂ ‘ಇದು ಬೇರೆ ಗಾಡಿ ಆಯ್ತು’ ಅನ್ನಲಿಲ್ಲ. ಈ ಸಲ ಮಾತ್ರ ಯಾಕೆ ಈ ಗೊಂದಲ?

ಉತ್ತರ ಸರಳ. ನಂಬರ್ ಇರೋದು ಕ್ರ್ಯಾಂಕ್‌ಕೇಸಿನ ಮೇಲೆ. ಪಿಸ್ಟನ್ ಮೇಲೆ ಇಲ್ಲ, ಬ್ಲಾಕ್ ಮೇಲೆ ಇಲ್ಲ. ಆ ಅಲ್ಯೂಮಿನಿಯಮ್ ಚಿಪ್ಪು ಒಡೆಯದೆ ಒಳಗಿನದ್ದೆಲ್ಲ ಬದಲಾಗಿದ್ದರೆ ಸರ್ಕಾರದ ಲೆಕ್ಕದಲ್ಲೂ ನಮ್ಮ ಲೆಕ್ಕದಲ್ಲೂ ಅದು ಅದೇ ಎಂಜಿನ್. ಒಳಗಿನದ್ದೆಲ್ಲ ಹಾಗೇ ಉಳಿದು ಚಿಪ್ಪು ಮಾತ್ರ ಬದಲಾದರೆ ಬೇರೆ ಎಂಜಿನ್. ತಮಾಷೆ ಅನ್ನಿಸುತ್ತೆ.

ಇದನ್ನೇ ಹಡಗಿನ ಬದಲು ರಥ ಇಟ್ಟುಕೊಂಡು ನಮ್ಮ ಕಡೆ ಎಂದೋ ಚರ್ಚಿಸಿದ್ದಾರೆ. ‘ಮಿಲಿಂದಪಞ್ಹ’ ಅನ್ನೋ ಪಾಳಿ ಗ್ರಂಥದಲ್ಲಿ ಗ್ರೀಕ್ ದೊರೆ ಮಿಲಿಂದ, ಬೌದ್ಧ ಭಿಕ್ಷು ನಾಗಸೇನನ ಹತ್ತಿರ ವಾದಕ್ಕೆ ಬರುತ್ತಾನೆ. ನಾಗಸೇನ ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ರಥ ಅಂದರೆ ಯಾವುದು? ಗಾಲಿಯೇ? ಅಲ್ಲ. ಅಚ್ಚೇ? ಅಲ್ಲ. ನೊಗವೇ? ಅಲ್ಲ. ಎಲ್ಲವೂ ಸೇರಿ ರಥವೇ? ಅದೂ ಅಲ್ಲ. ಹಾಗಾದರೆ ಇವೆಲ್ಲ ಬಿಟ್ಟು ಬೇರೆ ರಥ ಇದೆಯೇ? ಅದೂ ಇಲ್ಲ. ಕೊನೆಗೆ ದೊರೆಯೇ ಒಪ್ಪಿಕೊಳ್ಳುತ್ತಾನೆ. ಈ ಭಾಗಗಳು ಒಂದು ರೀತಿ ಕೂಡಿದಾಗ ನಾವು ‘ರಥ’ ಅಂತ ಕರೀತೀವಿ. ಅದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು, ಅಷ್ಟೇ.

ಇದು ನನಗೆ ಬಹಳ ಇಷ್ಟವಾದ ಉತ್ತರ. ಆದರೆ ಆವತ್ತು ಗ್ಯಾರೇಜಿನಲ್ಲಿ ಇದೇ ಉತ್ತರ ನನ್ನನ್ನ ತಪ್ಪು ದಾರಿಗೆ ಎಳೆಯಿತು. ನೋಡಿ, ‘ಅಪ್ಪನ ಗಾಡಿ’ ಅನ್ನೋದು ವಸ್ತುವಿನೊಳಗೆ ಎಲ್ಲೂ ಇಲ್ಲ, ಬರೀ ನಾವು ಕರೆಯೋ ಹೆಸರು ಅಂತಾದರೆ, ನಂಬರ್ ಕೂಡ ಬರೀ ಹೆಸರೇ ಅಲ್ಲವಾ? ಒಂದು ಚಿಪ್ಪಿನ ಮೇಲೆ ಇದ್ದ ಹೆಸರನ್ನ ಇನ್ನೊಂದು ಚಿಪ್ಪಿನ ಮೇಲೆ ಬರೆದರೆ ಏನು ಹೋಯಿತು? ಅಲ್ಯೂಮಿನಿಯಮ್ಮಿಗೆ ತನ್ನ ನಂಬರ್ ಯಾವುದು ಅಂತ ಗೊತ್ತಾ? ಕಾಕಾ ಕೈಯಲ್ಲಿದ್ದ ಒಂಬತ್ತು ಕಡ್ಡಿಗೂ ನಾಗಸೇನನ ಮಾತಿಗೂ ಜಗಳವೇ ಇಲ್ಲ ಅನ್ನಿಸಿಬಿಟ್ಟಿತು.

“ನಾಳೆ ಹೇಳ್ತೀನಿ ಕಾಕಾ” ಅಂತ ಮನೆಗೆ ಬಂದೆ.

ಬಂದ ಎಂಜಿನ್ ಎಲ್ಲಿಯದು ಅಂತ ತಿಳಿಯಲು ಅವತ್ತೇ ಸಂಜೆ ಗುಜರಿಯವರಿಗೆ ಫೋನ್ ಮಾಡಿದೆ. ಅದನ್ನ ಮಾಡಿದ್ದು ದೊಡ್ಡ ನ್ಯಾಯನಿಷ್ಠೆಯಿಂದ ಏನಲ್ಲ. ಕದ್ದ ಮಾಲು ಆಗಿದ್ದರೆ ಅಂತ ಹೆದರಿಕೆ. ಅವರು ಬಿಲ್ ಜೊತೆಗೆ ಹಳೇ ಆರ್‌ಸಿಯ ಝೆರಾಕ್ಸ್ ಇಟ್ಟುಕೊಂಡಿದ್ದರು, ವಾಟ್ಸಾಪ್‌ನಲ್ಲಿ ಕಳಿಸಿದರು. ಗಾಡಿ ಗುಜರಿಗೆ ಕೊಟ್ಟವರು ನವಲಗುಂದ ಕಡೆಯ ಒಬ್ಬ ನಿವೃತ್ತ ಮಾಸ್ತರರು. ನಂಬರ್ ಸಿಕ್ಕಿತು, ಮಾತಾಡಿದೆ.

ಮಾಸ್ತರರಿಗೆ ಎಪ್ಪತ್ತು ದಾಟಿದೆ. ಮನೆ ಹಿಂದೆ ಮಳೆಯಲ್ಲಿ ನಿಂತು ಚಾಸಿ ತುಕ್ಕು ಹಿಡಿದು ಹೋಗಿತ್ತಂತೆ. ಮಕ್ಕಳು ಹೊರಗೆ. ಎಂಜಿನ್ ಮಾತ್ರ ಚಲೋ ಇತ್ತು ಅಂದರು. ನಾನು ಯಾಕೆ ಫೋನ್ ಮಾಡಿದ್ದು ಅಂತ ತಿಳಿದ ಮೇಲೆ ಧ್ವನಿಯೇ ಬದಲಾಯಿತು. “ನಮ್ಮ ಎಂಜಿನ್ ಮತ್ತ ಓಡ್ತದೇನ್ರೀ?” ಅಂತ ಎರಡು ಸಲ ಕೇಳಿದರು. ಆಮೇಲೆ ಗುರುತು ಹೇಳಿಕೊಟ್ಟರು: “ಅದು ಎರಡನೇ ಕಿಕ್ಕಿಗೆ ಹಿಡೀತದ್ರಿ. ಮೊದಲನೇದಕ್ಕ ಎಂದೂ ಹಿಡಿದಿಲ್ಲ. ಮೊದಲನೇದಕ್ಕ ಹಿಡೀತು ಅಂದ್ರ ಅದು ನಮ್ಮದಲ್ಲ, ಗುಜರಿಯವ ನಿಮಗ ಬೇರೆ ಕೊಟ್ಟಾನ ಅಂತ ತಿಳೀರಿ.”

ಫೋನ್ ಇಟ್ಟ ಮೇಲೆ ಕೂತಲ್ಲೇ ಕೂತೆ. ಅಲ್ಲಿಯವರೆಗೆ ನಾನು ಆ ಎಂಜಿನ್ನನ್ನ ನಂಬರ್ ಇರೋ ಒಂದು ಲೋಹದ ಮುದ್ದೆ ಅಂತಲೇ ನೋಡಿದ್ದೆ. ಅಪ್ಪನ ನಂಬರ್ ಉಳಿಸೋದು ಅಂದರೆ ಮಾಸ್ತರರ ನಂಬರ್ ಉಜ್ಜೋದು ಅಂತ ಹೊಳೆದಿರಲೇ ಇಲ್ಲ. ನಮ್ಮ ಮನೆಯ ನೆನಪಿಗೆ ಜಾಗ ಮಾಡಿಕೊಡಲು ಇನ್ನೊಂದು ಮನೆಯ ನೆನಪಿನ ಮೇಲೆ ಅರ ಆಡಿಸಬೇಕಿತ್ತು.

ಹೆಸರು ಬರೀ ವ್ಯವಹಾರ ಅಂತ ನಾಗಸೇನ ಒಪ್ಪಿಸಿದ್ದು ನಿಜ. ನಾನು ಎಡವಿದ್ದು ಆ ‘ಬರೀ’ ಅನ್ನೋ ಮಾತಿನಲ್ಲಿ. ವ್ಯವಹಾರ ಅಂದರೆ ಇಬ್ಬರ ನಡುವಿನದ್ದು. ನೋಟು ಬರೀ ಕಾಗದ, ಆದರೆ ಖೋಟಾ ನೋಟು ಹೊಡೆಯೋದು ಬರೀ ಪ್ರಿಂಟಿಂಗ್ ಅಲ್ಲ. ನಂಬರ್ ವಸ್ತುವಿನೊಳಗೆ ಇಲ್ಲ ಅನ್ನೋ ಕಾರಣಕ್ಕೇ ಅದರ ಭಾರವೆಲ್ಲ ನಮ್ಮ ಮೇಲಿದೆ. ಗುರುತು ಪರಿಚಯ ಇಲ್ಲದವರು ಪರಸ್ಪರ ನಂಬಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಗಾಡಿ ಕಳೆದುಕೊಂಡವನು, ಹಳೇ ಗಾಡಿ ಕೊಳ್ಳುವವನು, ರಸ್ತೆಯಲ್ಲಿ ಅಪಘಾತವಾದಾಗ ಹುಡುಕಿಕೊಂಡು ಬರುವವನು, ಇವರಿಗೆಲ್ಲ ನಾವು ಕೊಟ್ಟ ಮಾತು. 1988ರ ಮೋಟಾರು ವಾಹನ ಕಾಯ್ದೆ ಎಂಜಿನ್ ಬದಲಾಯಿಸಬೇಡಿ ಅನ್ನಲ್ಲ. ಕೇಳಿ ಬದಲಾಯಿಸಿ ಅನ್ನುತ್ತೆ; ಕೇಳದೆ ಬದಲಾಯಿಸಿದ್ದರೆ 14 ದಿನದೊಳಗೆ ಬಂದು ಹೇಳಿ ಅನ್ನುತ್ತೆ. ಗಾಡಿ ಮೇಲಿನ ನಂಬರಿಗೂ ಆರ್‌ಸಿಯ ನಂಬರಿಗೂ ತಾಳೆಯಾಗದಿದ್ದರೆ ನೋಂದಣಿಯನ್ನೇ ರದ್ದು ಮಾಡಬಹುದು. ಅಂದರೆ ಕಾನೂನಿಗೆ ಬದಲಾವಣೆಯ ಬಗ್ಗೆ ಸಿಟ್ಟಿಲ್ಲ. ಮುಚ್ಚಿಟ್ಟರೆ ಸಿಟ್ಟು.

ನಮ್ಮ ಕಲಘಟಗಿಯ ತೊಟ್ಟಿಲು ಗೊತ್ತಲ್ಲ? ಬಣ್ಣದ ಚಿತ್ರ ಬರೆದ ಮರದ ತೊಟ್ಟಿಲು, ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು. ನಮ್ಮ ಮನೆಯಲ್ಲೂ ಒಂದಿದೆ. ನಾನು ಮಲಗಿದ್ದು ಅದರಲ್ಲೇ, ಅಪ್ಪ ಮಲಗಿದ್ದೂ ಅದರಲ್ಲೇ ಅಂತಾರೆ. ಈಗ ಅದರ ಒಂದು ಕಾಲು ಬೇರೆ ಮರದ್ದು, ಒಂದು ಬದಿಯ ಬಣ್ಣ ಹೊಸದು. ನಾಲ್ಕು ಮನೆಗೆ ಬಾಣಂತನಕ್ಕೆ ಹೋಗಿ ಬಂದಿದೆ. ಅದು ಅದೇ ತೊಟ್ಟಿಲಾ ಅಂತ ಯಾರೂ ಕೇಳಿದ್ದಿಲ್ಲ. ಯಾಕೆ ಅಂತ ಈಗ ಹೊಳೀತು. ಯಾವ ಕಾಲು ಯಾವಾಗ ಮುರೀತು, ಯಾರ ಮನೇಲಿದ್ದಾಗ ಮುರೀತು, ಯಾವ ಬಡಿಗ ಕೂಡಿಸಿಕೊಟ್ಟ ಅಂತ ಅವ್ವನಿಗೆ ಬಾಯಿಪಾಠ. ಬದಲಾದದ್ದನ್ನೆಲ್ಲ ಹೇಳಬಲ್ಲವರು ಇರೋತನಕ ಅದು ಅದೇ ತೊಟ್ಟಿಲು. ಒಂದು ವಸ್ತು ಅದೇ ಆಗಿ ಉಳಿಯೋದು ಏನೂ ಬದಲಾಗದೆ ಇರೋದರಿಂದ ಅಲ್ಲ, ಬದಲಾದದ್ದರ ಲೆಕ್ಕ ತಪ್ಪದೆ ಇರೋದರಿಂದ. ನಂಬರ್ ಉಜ್ಜಿದರೆ ಮೊದಲು ಹೋಗೋದೇ ಆ ಲೆಕ್ಕ.

ಜಾವಾ ಕಥೆಯೂ ಬೇರೆಯಲ್ಲ. 1929ರಲ್ಲಿ ಝೆಕ್ ದೇಶದ ಯಾನೆಚೆಕ್ ಅನ್ನೋ ಕಾರ್ಖಾನೆದಾರ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸ ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಅದೇ ಜಾವಾ. ‘ಇದು ನನ್ನದು, ಇದು ಅವರಿಂದ ಬಂದದ್ದು’ ಅಂತ ಹೆಸರಿನಲ್ಲೇ ಹೇಳಿಕೊಂಡ ಗಾಡಿ ಅದು. ಅದು ಮೈಸೂರಿಗೆ ಬಂದು ನಮ್ಮದಾಯಿತು. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ರೂಪ ಹಳೇ ನೆನಪಿನದು, ಒಳಗಿನ ಎಂಜಿನ್ ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗೋದು. ಯೆಜ್ಡಿ ಅನ್ನೋ ಹೆಸರು ಯಾರದು ಅನ್ನೋ ತಕರಾರು ಹೈಕೋರ್ಟಿನವರೆಗೂ ಹೋಯಿತು. ಹೊಸದನ್ನ ಓಡಿಸುವ ಗೆಳೆಯರು ನನಗಿದ್ದಾರೆ, ಚೆನ್ನಾಗಿದೆ ಅಂತಾರೆ. ಅದು ಹಳೇದೇ ಅಂತ ಅವರ್ಯಾರೂ ನಂಬಿಲ್ಲ. ಹೊಸದು ಅಂತ ಗೊತ್ತಿದ್ದೇ ಪ್ರೀತಿಸ್ತಾರೆ. ಅದರಲ್ಲಿ ತಪ್ಪೇನೂ ಕಾಣಲ್ಲ.

ಆದರೆ ಲೆಕ್ಕ ಸರಿಯಾಗಿಟ್ಟರೆ ಖರ್ಚಿಲ್ಲ ಅಂತ ತಿಳೀಬೇಡಿ. ಅಪ್ಪನ ಗಾಡಿ ಮೇಲೆ ನನ್ನ ಆಫೀಸಿನ ಗೆಳೆಯನೊಬ್ಬ ಬಹಳ ದಿನದಿಂದ ಕಣ್ಣಿಟ್ಟಿದ್ದ. ಹಳೇ ಗಾಡಿ ಕೂಡಿಸೋ ಹವ್ಯಾಸ ಅವನಿಗೆ. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಕಾರ್ಖಾನೆಯಿಂದ ಬಂದದ್ದೇ ಇರಬೇಕು. ಅಂಥದ್ದಕ್ಕೆ ಬೆಲೆಯೇ ಬೇರೆ. ಇನ್ನೊಂದು ಮಾತು: 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಪ್ಪನ ಗಾಡಿಗೆ 2034ಕ್ಕೆ ಐವತ್ತು ತುಂಬುತ್ತೆ. ಎಂಜಿನ್ ಬದಲಾಗಿದೆ ಅಂತ ಆರ್‌ಸಿಯಲ್ಲಿ ನಾನೇ ಬರೆಸಿದರೆ ಆ ಗೌರವದ ಸಾಲಿಗೆ ಅದನ್ನ ಸೇರಿಸೋದು ಕಷ್ಟ. ಸುಳ್ಳು ಹೇಳಿದ ಗಾಡಿ ‘ಒರಿಜಿನಲ್’ ಅನ್ನಿಸಿಕೊಳ್ಳುತ್ತೆ, ನಿಜ ಹೇಳಿದ್ದು ಹಿಂದೆ ಉಳಿಯುತ್ತೆ. ಗೆಳೆಯ ನಗುತ್ತಾ ಅಂದ, “ಒಂದು ತಾಸಿನ ಕೆಲಸಕ್ಕೆ ಇಷ್ಟು ಫಿಲಾಸಫಿ ಯಾಕೋ? ಯಾರಿಗೆ ನಷ್ಟ?”

ಯಾರಿಗೆ ನಷ್ಟ ಅಂತ ನಾನೂ ಆ ರಾತ್ರಿ ಅವ್ವನ ಎದುರು ಕೇಳಿದೆ. ಪೂರ್ತಿ ವಿಷಯ ಹೇಳಿದೆ. ಆಯಿಲ್ ಹಾಕದೆ ಓಡಿಸಿದ್ದನ್ನೂ ಅವತ್ತೇ ಹೇಳಿದ್ದು. ಅವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಮ್ಮಪ್ಪ ಹ್ವಾದಾಗ ಊರಿಗೆಲ್ಲಾ ಹೇಳಿ ಕಳಿಸಿದಿವಿಲ್ಲೋ ಯಪ್ಪಾ? ಮುಚ್ಚಿ ಇಟ್ಟಿದಿವೇನು? ಎಂಜಿನ್ ಹೋಗೇದಂದ್ರ ಹೋಗೇದಂತ ಹೇಳು.”

ನನಗೆ ಅದು ಬರೀ ಎಂಜಿನ್ನಿನ ಮಾತಾಗಿ ಕೇಳಿಸಲಿಲ್ಲ. ಯಾಕಂದ್ರೆ ಇನ್ನೂ ಒಂದು ವಿಷಯವನ್ನ ನಾನು ಯಾರಿಗೂ ಹೇಳಿರಲಿಲ್ಲ. ಗಾಡಿಯ ಆರ್‌ಸಿ ಆವತ್ತಿಗೂ ಅಪ್ಪನ ಹೆಸರಲ್ಲೇ ಇತ್ತು. ಮಾಲೀಕ ತೀರಿಕೊಂಡರೆ ವಾರಸುದಾರರು ಮೂರು ತಿಂಗಳೊಳಗೆ ಹೆಸರು ಬದಲಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ನಾನು ಮೂರು ವರ್ಷ ಹಾಕಿರಲಿಲ್ಲ. ಟೈಮ್ ಸಿಗಲಿಲ್ಲ, ರಜೆ ಸಿಗಲಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಏನಂದ್ರೆ ಮಾಲೀಕನ ಸಾಲಿನಲ್ಲಿ ಅಪ್ಪನ ಹೆಸರು ಇರೋವರೆಗೆ ಎಲ್ಲೋ ಒಂದು ಕಡೆ ಅವರು ಇದ್ದಾರೆ ಅನ್ನಿಸುತ್ತಿತ್ತು. ಬ್ಯಾಂಕಿನಲ್ಲಿ, ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಎಲ್ಲಾ ಕಡೆ ಹೆಸರು ತೆಗೆಸಿ ಆಗಿತ್ತು. ಇದೊಂದು ಉಳಿದಿತ್ತು.

ಕಾಕಾ ತೆಗೆದ ಒಂಬತ್ತು ಕಡ್ಡಿಯ ಡಬ್ಬಿಯೂ ನಾನು ಬದಲಾಯಿಸದೆ ಇಟ್ಟ ಆರ್‌ಸಿಯೂ ಒಂದೇ ಜಾತಿಯವು ಅಂತ ಆವತ್ತು ರಾತ್ರಿ ಗೊತ್ತಾಯಿತು. ಎರಡೂ ಪ್ರೀತಿಯಿಂದ ಹುಟ್ಟಿದ ಸುಳ್ಳುಗಳು. ದ್ವೇಷದ ಸುಳ್ಳನ್ನ ನಾವು ಬೇಗ ಗುರುತಿಸ್ತೀವಿ. ಪ್ರೀತಿಯ ಸುಳ್ಳು ನಿಷ್ಠೆಯ ಹಾಗೆ ಕಾಣುತ್ತೆ, ಅದಕ್ಕೆ ಅದು ಬಹಳ ದಿನ ಬದುಕುತ್ತೆ. ಅದರಿಂದ ಸತ್ತವರಿಗೆ ಏನೂ ಸಿಗಲ್ಲ. ಸಿಗೋದು ನಮಗೆ, ಅದೂ ಒಂದು ರಜೆ: ದುಃಖದಿಂದ, ತಪ್ಪೊಪ್ಪಿಗೆಯಿಂದ. ನಂಬರ್ ಹೊಡೆಸಿದ್ದರೆ ನಾನು ಅಪ್ಪನ ಎಂಜಿನ್ ಒಡೆದೆ ಅನ್ನೋದಕ್ಕೆ ಸಾಕ್ಷಿಯೂ ಉಳಿಯುತ್ತಿರಲಿಲ್ಲ. ನನಗೆ ನಿಜವಾಗಿ ಬೇಕಾಗಿದ್ದದ್ದು ಅದೇ ಏನೋ.

ಬೆಳಿಗ್ಗೆ ಕಾಕಾಗೆ ಬೇಡ ಅಂದೆ. “ಆತು ಬಿಡು, ನಿನ್ನ ಮರ್ಜಿ” ಅಂದರು. ಸ್ವಲ್ಪ ಬೇಜಾರಾದ ಹಾಗೆ ಕಂಡಿತು. ಡಬ್ಬಿ ಮುಚ್ಚಿ ಮೇಲಿನ ಹಲಗೆಗೆ ಇಟ್ಟರು.

ಆಮೇಲಿನದ್ದು ಅರ್ಜಿಗಳ ಕಥೆ. ಅದು ನಿಮಗೆ ಬೇಡ. ವಾರಸಾ ಕಾಗದ, ಎಂಜಿನ್ನಿನ ಬಿಲ್ಲು, ಮಾಸ್ತರರು ಬರೆದುಕೊಟ್ಟ ಒಪ್ಪಿಗೆ, ಎರಡು ಸಲ ಬೆಂಗಳೂರಿನಿಂದ ಬಂದು ಹೋದದ್ದು. ತಪಾಸಣೆಯ ದಿನ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದರು. ಸಣ್ಣವನಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಮಾಡುತ್ತಿದ್ದೆವಲ್ಲ, ಹಾಗೆ. ಮೈಸೂರಿನಲ್ಲಿ ಯಾರೋ ಒಬ್ಬ ಕೆಲಸಗಾರ 1984ರಲ್ಲಿ ಹೊಡೆದ ಅಂಕಿಗಳು ಒಂದೊಂದಾಗಿ ಕಾಗದದ ಮೇಲೆ ಎದ್ದು ಬಂದವು. ಅದು ಮಾತ್ರ ಮೊದಲಿನದ್ದು.

ಕಾರ್ಡ್ ಕೈಗೆ ಬಂದಾಗ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮಾಲೀಕನ ಸಾಲಿನಲ್ಲಿ ನನ್ನ ಹೆಸರು. ಎಂಜಿನ್ ನಂಬರ್ ಮಾಸ್ತರರದ್ದು. ಅಪ್ಪ ಎಲ್ಲಿಯೂ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಕೆಳಗಿನ ಸಾಲು ಕಂಡಿತು: ಇಂಥವರ ಮಗ. ಅಲ್ಲಿದ್ದರು. ಮಾಲೀಕನ ಜಾಗ ಬಿಟ್ಟು ಅಪ್ಪನ ಜಾಗಕ್ಕೆ ಬಂದಿದ್ದರು. ಮೂರು ವರ್ಷದಿಂದ ಅವರು ನಿಜವಾಗಿ ಇದ್ದದ್ದೂ ಅಲ್ಲೇ.

ಇಲ್ಲಿ ಒಬ್ಬ ಜಾಣ ಓದುಗ ಕೇಳಬಹುದು: ಲೆಕ್ಕ ಇಟ್ಟರೆ ಸಾಕಾ? ನಾಳೆ ಚಾಸಿಯನ್ನೂ ಬದಲಾಯಿಸಿ, ಅದನ್ನೂ ಪ್ರಾಮಾಣಿಕವಾಗಿ ಬರೆಸಿದರೆ, ಆಗಲೂ ಅದು ಅಪ್ಪನ ಗಾಡಿಯೇನಾ? ಇಲ್ಲ. ಒಂದು ದಿನ ‘ಇದು ಅಪ್ಪನ ಗಾಡಿ’ ಅನ್ನೋ ಮಾತು ‘ಅಪ್ಪನದೊಂದು ಗಾಡಿ ಇತ್ತು’ ಅಂತ ಬದಲಾಗಲೇಬೇಕು. ಲೆಕ್ಕ ಸರಿ ಇಟ್ಟವನಿಗೆ ಆ ದಿನ ಯಾವುದು ಅಂತ ಗೊತ್ತಾಗುತ್ತೆ. ನಂಬರ್ ಉಜ್ಜಿದವನಿಗೆ ಗೊತ್ತಾಗಲ್ಲ. ಅವನು ಅಪ್ಪನ ಗಾಡಿ ಅಂದುಕೊಂಡು ಯಾವುದನ್ನೋ ಒರೆಸುತ್ತಾ ಕೂತಿರ್ತಾನೆ.

ಯುಗಾದಿಗೆ ಊರಿಗೆ ಹೋದಾಗ ಗಾಡಿ ತಯಾರಿತ್ತು. ಸೀಟಿನ ಕೆಳಗಿನ ಡಬ್ಬಿ ತೆಗೆದು ಲೀಟರಿಗೆ 40 ಎಂಎಲ್ ಅಳೆದು ಹಾಕಿದೆ. ಕಾಕಾ ಪಕ್ಕದಲ್ಲಿ ನಿಂತು ಡಬ್ಬಿಯನ್ನೇ ನೋಡುತ್ತಿದ್ದರು, ನನ್ನನ್ನಲ್ಲ. ಮೊದಲನೇ ಕಿಕ್ಕಿಗೆ ಕೆಮ್ಮಿ ಸುಮ್ಮನಾಯಿತು. ಎರಡನೇದಕ್ಕೆ ಹಿಡಿಯಿತು.

ಮನೆಗೆ ಬರುವಾಗ ಗುಡಿ ದಾಟಿ ತಿರುವಿನಲ್ಲಿ ಸದ್ದು ಕೇಳಿ ಅವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು. ಅದೇ ಸದ್ದಾ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. “ಕಾಕಾಗ ಹೋಳಿಗಿ ಕೊಟ್ಟ ಬಾ” ಅಂದಳು.

ಹೋಗುವ ಮೊದಲು ಮಾಸ್ತರರಿಗೆ ಫೋನ್ ಮಾಡಿದೆ. ನಮಸ್ಕಾರ ಹೇಳೋದಕ್ಕೂ ಬಿಡದೆ ಅವರು ಕೇಳಿದ್ದು ಒಂದೇ.

“ಎಷ್ಟನೇದಕ್ಕ ಹಿಡೀತ್ರೀ?”